ಸೊಪ್ಪಿನ ಗುಡ್ಡೆಯೊಳಗೆ ಕೈ

ನಿಮ್ಮ ಕೈಲಾದರೆ ನಂಬದೆ ಇದ್ದು ತೋರಿಸಿ. ನಮ್ಮೂರು ಉಡಿಗಾಲದಲ್ಲಿ ರೇಷ್ಮೆ ಹುಳು ಸಾಕುವವರೆಲ್ಲ ಒಂದು ಕಡೆ, ನಾನೂ ನನ್ನ ಸೊಸೆಯೂ ಒಂದು ಕಡೆ. ಗೆದ್ದವರು ನಾವು.

ಹೋದ ಬೇಸಿಗೆ ಹುಳು ನಾಲ್ಕನೇ ಜ್ವರದಿಂದ ಎದ್ದಿದ್ದವು, ಅಂದರೆ ಕೊನೆಯ ಪೊರೆ ಬಿಟ್ಟಿದ್ದವು. ಗೂಡು ಕಟ್ಟಲು ಐದಾರು ದಿನವಿತ್ತು ಅಷ್ಟೇ. ಆಗ ಮೇವು ಬಿಟ್ಟವು. ಮುಟ್ಟಿದರೆ ಮೆತ್ತಗೆ, ಮೂಗು ಹಿಡಿಯುವಂಥ ಕೊಳೆತ ನಾತ. ಸಪ್ಪೆ ರೋಗ.

ಮನೆಯ ಯಜಮಾನ ನನ್ನಣ್ಣ. ಹುಳುಮನೆ ಬಾಗಿಲಿಗೆ ಅಡ್ಡ ನಿಂತ.

"ಆ ತೆರಕಣಾಂಬಿಯೋಳು ಕಾಲಿಟ್ಟ ಮ್ಯಾಲೇ ಇಂಗಾಗಿದ್ದು ಕಣ್ಲಾ. ಕಣ್ಣು ಬಿದ್ದದೆ. ನಿನ್ ಸೊಸೆ ಇನ್ಮೇಲೆ ಒಳಕ್ಕೆ ಬರಂಗಿಲ್ಲ."

ಅವಳು ಅಳಲಿಲ್ಲ. ನನ್ನ ಕೈ ಹಿಡಿದು, ಒದ್ದೆ ಗೋಣಿ ಹೊದಿಸಿದ್ದ ಹಿಪ್ಪುನೇರಳೆ ಸೊಪ್ಪಿನ ಗುಡ್ಡೆಯೊಳಗೆ ತುರುಕಿದಳು. ಬಾಡದಿರಲಿ ಎಂದು ಅಣ್ಣ ಅದಕ್ಕೆ ಕೊಡಗಟ್ಟಲೆ ನೀರು ಸುರಿದಿದ್ದ. ಒಳಗೆ ಆಗಷ್ಟೇ ಕಟ್ಟಿದ ಮುದ್ದೆಯಂಥ ಬಿಸಿ.

"ಹುಳದ ಹೊಟ್ಟೇಲಿ ಬ್ಯಾಕ್ಟೀರಿಯಾ ಯಾವಾಗ್ಲೂ ಇರ್ತವೆ ಮಾವ. ಒಳ್ಳೆ ಸೊಪ್ಪು ಹಾಕುದ್ರೆ ತೆಪ್ಪಗಿರ್ತವೆ. ಇಂಥ ಬೆಂದಿದ್ದು ಹಾಕುದ್ರೆ ಹೆಚ್ಕೊಂಡು ಕರುಳನ್ನೇ ಕೊಳೆಸ್ಬುಡ್ತವೆ."

"ಕೇಳ್ದೇನಣ್ಣೋ?" ಅಂದೆ.

"ನಿಂಗೂ ತಲೆ ಕೆಟ್ಟದಾ?"

"ಕೆಟ್ಟದೆ. ಹುಳದ ತಟ್ಟೇಲಿ ಅರ್ಧ ನಿಂಗೆ, ಅರ್ಧ ಅವಳ್ಗೆ. ನೀನು ಮೆಣಸಿನ್ಕಾಯಿ ನಿವಾಳಿಸ್ಬುಟ್ಟು ಇದೇ ಸೊಪ್ಪಾಕು. ಸೋತ್ರೆ ಹುಳುಮನೆ ಬೀಗದ ಕೈ ಅವಳ್ಗೆ ಕೊಡ್ಬೇಕು."

"ನೀನು ಸೋತ್ರೆ?"

"ವರ್ಸ ಪೂರ್ತಿ ನಿನ್ ಎಮ್ಮೆ ಸಗಣಿ ಬಾಚ್ತೀನಿ, ಓಗು!"

ಊರವರು ಆಗಲೇ ನನಗೆ ಸಗಣಿ ಹೊರುವ ಮಂಕರಿ ತೋರಿಸಿ ನಗುತ್ತಿದ್ದರು. ಸೊಸೆ ಸತ್ತ ಹುಳು ಆರಿಸಿ ಹೂತಳು, ತಟ್ಟೆಗೆ ಸುಣ್ಣದ ಪುಡಿ ಉದುರಿಸಿದಳು, ಬೆಳಗಿನ ತಂಪಿನಲ್ಲಿ ಕೊಯ್ದ ಸೊಪ್ಪನ್ನು ನೀರು ತಾಗಿಸದೆ ಹಾಕಿದಳು. ಮೂರೇ ದಿನ. ಅಣ್ಣನ ತಟ್ಟೆಯಲ್ಲಿ ಹುಳು ಕಪ್ಪಾಗಿ ಜೋತುಬಿದ್ದವು. ಅವಳದರಲ್ಲೂ ಒಂದಷ್ಟು ಸತ್ತವು, ಸುಳ್ಳು ಹೇಳುವುದಿಲ್ಲ. ಉಳಿದವು ಮಾತ್ರ ಬಲಿತು ಹಣ್ಣಾಗಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ಏರಿ ನೂಲು ಬಿಟ್ಟವು.

ಅಣ್ಣ ಬೀಗದ ಕೈ ಕೊಟ್ಟ. ಕೊಡುವಾಗ ಅವಳ ಮುಖ ನೋಡಲಿಲ್ಲ.

ಇಷ್ಟರಲ್ಲಿ ಒಂದೇ ಒಂದು ಮಾತು ನನ್ನ ಕಟ್ಟುಕತೆ. ಗುಡ್ಡೆಗೆ ನೀರು ಸುರಿದವನು ಅಣ್ಣನಲ್ಲ, ನಾನು. ಸೊಸೆ ಅದನ್ನು ಕಣ್ಣಾರೆ ಕಂಡಿದ್ದಳು. ಬಾಗಿಲಲ್ಲಿ ಅಷ್ಟು ಅನ್ನಿಸಿಕೊಂಡರೂ ನನ್ನ ಹೆಸರು ಎತ್ತಲಿಲ್ಲ. ಈಗ ನಾನೇ ಎತ್ತಿದ್ದೇನೆ. ಅಣ್ಣ ಕೋಲು ತಂದರೆ ತರಲಿ.