ಎಡಗಡೆ ಹಿಂದಿನ ಕಿಟಕಿ

ಮೆಕ್ಯಾನಿಕ್ ಖಾಜಾಭಾಯಿ ಕಾರಿನ ಹಿಂದಿನ ಎಡಬಾಗಿಲಿನ ಕಿಟಕಿಗೆ ಸ್ಕ್ರೂಡ್ರೈವರಿನ ತುದಿ ತೂರಿಸಿ ಹಳೆಯ ರಬ್ಬರನ್ನು ಮೀಟಿ ಎಳೆದಾಗ ಮೊದಲು ಬಂದದ್ದು ವಾಸನೆ. ಕಮಟು ಹಿಡಿದ ಕುಸುಬಿ ಎಣ್ಣೆಯ ವಾಸನೆ. ರಾಯಚೂರಿನ ನಡುಹಗಲು, ತಗಡಿನ ಕೆಳಗೆ ಕಾದ ಗ್ಯಾರೇಜು, ಪೆಟ್ರೋಲು, ಗ್ರೀಸು, ಪಕ್ಕದ ಬಂಡಿಯಲ್ಲಿ ಕರಿಯುತ್ತಿದ್ದ ಮಿರ್ಚಿ. ಇಷ್ಟರ ನಡುವೆಯೂ ನನ್ನ ಮೂಗು ಅದೊಂದನ್ನೇ ಹೆಕ್ಕಿಕೊಂಡಿತು. ಮೂವತ್ತು ವರ್ಷದ ಹಿಂದಿನ ಎಣ್ಣೆಯ ವಾಸನೆ ಉಳಿಯುತ್ತದೆಯೇ ಎಂದು ನೀವು ಕೇಳಬಹುದು. ನನಗೆ ಗೊತ್ತಿಲ್ಲ. ನನಗೆ ಬಂತು, ಅಷ್ಟೇ. ಅದು ಅಪ್ಪನ ಕಾರು. ನಾಲ್ಕು ವರ್ಷದ ಹಿಂದೆ ಅಪ್ಪ ತೀರಿಕೊಂಡ ಮೇಲೆ ನಾನೇ ಓಡಿಸುತ್ತೇನೆ. ಮಾನ್ವಿಯ ಶಾಲೆಯೊಂದರಲ್ಲಿ ನನ್ನ ನೌಕರಿ, ಅವ್ವ ನನ್ನ ಜೊತೆಗಿದ್ದಾಳೆ. ಅವಳ ಕೆಮ್ಮಿಗೆಂದು ವಾರಕ್ಕೊಮ್ಮೆ ರಾಯಚೂರಿನ ದವಾಖಾನೆಗೆ ಕರೆತರುತ್ತೇನೆ. ಆ ಎಡಗಡೆ ಹಿಂದಿನ ಕಿಟಕಿಯ ಗಾಜು ಸದಾ ಇಳಿದೇ ಇರುತ್ತಿತ್ತು, ಅವ್ವ ಹಟ ಹಿಡಿದು ಕೂಡುವುದೂ ಅಲ್ಲೇ. ದಾರಿಯ ದೂಳೆಲ್ಲ ಕುಡಿದು ಮನೆ ಸೇರುವ ಹೊತ್ತಿಗೆ ಅವಳ ಎದೆ ಹರಿದ ತಿದಿಯ ಹಾಗೆ ಸದ್ದು ಮಾಡುತ್ತಿತ್ತು. ಸಾಕಪ್ಪಾ ಸಾಕು, ನಾಲ್ಕೂ ಬಾಗಿಲಿಗೆ ಹೊಸ ರಬ್ಬರು ಹಾಕಿಸಿಯೇ ಬಿಡೋಣ ಎಂದು ಬಂದಿದ್ದೆ.

ದೇವದುರ್ಗದ ನಮ್ಮ ಮನೆ ಈಗಿಲ್ಲ. ರಸ್ತೆ ಅಗಲ ಮಾಡುವಾಗ ಪಡಸಾಲೆ ಹೋಯಿತು, ಉಳಿದದ್ದನ್ನು ಮಳೆ ಕೆಡವಿತು. ಆದರೂ ಆ ಪಡಸಾಲೆಯ ಗೋಡೆಯಲ್ಲಿನ ಗೂಡು, ಗೂಡಿನಲ್ಲಿ ಕುಸುಬಿ ಎಣ್ಣೆಯ ಶೀಸೆ, ಶೀಸೆಯ ಪಕ್ಕದಲ್ಲೊಂದು ಕೋಳಿಪುಕ್ಕ, ಕಣ್ಣು ಮುಚ್ಚಿದರೆ ಸಾಕು, ಇದ್ದಲ್ಲೇ ಇರುತ್ತವೆ. ಅಪ್ಪ ಬಾಡಿಗೆಗೆ ಕಾರು ಓಡಿಸುತ್ತಿದ್ದ. ಬಾಡಿಗೆ ಸಿಗದ ದಿನ ಪುಕ್ಕವನ್ನು ಎಣ್ಣೆಯಲ್ಲಿ ಅದ್ದಿಕೊಂಡು ಮನೆಯೆಲ್ಲ ತಿರುಗುವುದು ಅವನ ಚಟ. ಬಾಗಿಲು, ಬೀಗ, ಬಾವಿಯ ಗಾಲಿ, ಅವ್ವನ ಹೊಲಿಗೆ ಮಷೀನು, ಕಡೆಗೆ ನನ್ನ ಮತ್ತು ತಂಗಿ ರತ್ನಿಯ ತಲೆ. ಎಣ್ಣೆ ಕಾಣದೆ ಆ ಮನೆಯಲ್ಲಿ ಉಳಿದದ್ದು ಬೆಕ್ಕೊಂದೇ. "ಎಣ್ಣಿ ಬಿದ್ರ ಎಂಥಾದೂ ಸಡ್ಲ ಆಗ್ತದ ನೋಡವ್ವಾ," ಎನ್ನುತ್ತಿದ್ದ. ಅಪ್ಪ ಹೇಳಿದ ಮೇಲೆ ಮುಗಿಯಿತು, ನಾನು ನಂಬಿದ್ದೆ.

ರತ್ನಿ ನನಗಿಂತ ಮೂರು ವರ್ಷ ಚಿಕ್ಕವಳು. ಅವಳಿಗೆ ಉಬ್ಬಸ. ಹತ್ತಿ ಬಿಡಿಸುವ ದಿನಗಳಲ್ಲಿ, ಓಣಿಯಲ್ಲಿ ಯಾರಾದರೂ ಮೆಣಸಿನಕಾಯಿ ಕುಟ್ಟಿದರೆ, ಕಾರಿನಲ್ಲಿ ದೂಳು ನುಗ್ಗಿದರೆ ಅವಳ ಪುಟ್ಟ ಎದೆಗೂಡು ಒಳಗೆ ಸೇದಿಹೋಗುವುದನ್ನು ನೋಡಲಾಗುತ್ತಿರಲಿಲ್ಲ. ಅದಕ್ಕೇ ಅಪ್ಪ ರಾಯಚೂರಿಗೆ ಹೋಗಿ ಹೊಸ ರಬ್ಬರು ಪಟ್ಟಿ ತಂದು, ಅಂಗಳದಲ್ಲಿ ಕೂತು ತಾನೇ ನಾಲ್ಕೂ ಕಿಟಕಿಗೆ ಕೂಡಿಸಿದ. ಆ ಸಂಜೆ ನಮ್ಮನ್ನೆಲ್ಲ ಕೂರಿಸಿಕೊಂಡು ಊರಾಚೆ ಹೋಗಿಬಂದ. ಒಳಗೆ ದೂಳಿನ ಸುಳಿವಿಲ್ಲ. ರತ್ನಿಗೆ ಮಾತ್ರ ಮುನಿಸು. ಎಡಗಡೆ ಹಿಂದಿನ ಕಿಟಕಿ ಅವಳದು, ಊರಾಚೆ ಅದನ್ನಿಳಿಸಿ ಎಮ್ಮೆಗಳನ್ನು ಹೆಸರಿಟ್ಟು ಕೂಗುವುದು ಅವಳ ಆಟ. ಹೊಸ ರಬ್ಬರಿನಿಂದ ಗಾಜು ಬಿಗಿಯಾಗಿ, ಎರಡೂ ಕೈಯಿಂದ ತಿರುವಿದರೂ ಸರಾಗ ಇಳಿಯದು. ಮರುದಿನ ಅಪ್ಪ ಮಲಗಿದ್ದಾಗ ನಾನು ಗೂಡಿನಿಂದ ಶೀಸೆ, ಪುಕ್ಕ ಇಳಿಸಿದೆ. ಗಾಜು ಜಾರುವ ಸಂದಿನಲ್ಲೆಲ್ಲ ಎಣ್ಣೆ ಸವರಿದೆ. "ಇನ್ನಾ ಹಚ್ಚು ಅಕ್ಕಾ," ಅಂದಳು ರತ್ನಿ. ಮೂರು ಸಲ ಹಚ್ಚಿದೆ. ಗಾಜು ನುಣ್ಣಗೆ ಇಳಿಯಿತು. ಅವಳು ನಕ್ಕ ನಗೆಗೆ ನನಗೆ ಏನೋ ದೊಡ್ಡದನ್ನು ಸಾಧಿಸಿದಷ್ಟು ಖುಷಿ. ಕಿಟಕಿ ಏರಿಸಿಟ್ಟು ಇಬ್ಬರೂ ಆಡಲು ಹೋದೆವು.

ಆಮೇಲೆ ನಾಲ್ಕು ದಿನ ಬಾಡಿಗೆ ಇರಲಿಲ್ಲ, ಕಾರು ಅಂಗಳದ ಬಿಸಿಲಲ್ಲೇ ನಿಂತಿತ್ತು. ಐದನೆಯ ದಿನ ಬೆಳಗ್ಗೆ ರತ್ನಿಗೆ ಉಬ್ಬಸ ಎಂದಿಗಿಂತ ಜೋರಾಗಿ ಎದ್ದಿತು. ರಾಯಚೂರಿಗೇ ಒಯ್ಯಬೇಕಾಯಿತು. ಅವ್ವ ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಹಿಂದೆ ಕೂತಳು, ನಾನು ಮುಂದೆ ಅಪ್ಪನ ಪಕ್ಕ. ಎದುರಿಗೆ ಸಾಲುಸಾಲು ಲಾರಿ, ಎಲ್ಲ ಕಿಟಕಿ ಮುಚ್ಚಿದ್ದೆವು. ಅರ್ಧ ದಾರಿಯಲ್ಲಿ ರತ್ನಿ ಗಾಜು ಬಡಿಯತೊಡಗಿದಳು. "ಯಪ್ಪಾ, ಗಾಳಿ," ಅಂದಳು. ಅವ್ವ ಗಾಜಿಳಿಸುವ ಹಿಡಿ ತಿರುವಿದಳು. "ಇಳಿಯವಲ್ದ್ರೀ," ಎಂದು ಅವಳು ಕೂಗಿದ್ದು, ಹಿಡಿ ಕಿತ್ತು ಅವಳ ಕೈಗೇ ಬಂದದ್ದು ನೆನಪಿದೆ. ಬಲಗಡೆಯದನ್ನು ಇಳಿಸಿದರೆ ಲಾರಿಗಳ ದೂಳು ನೇರ ಒಳಗೇ; ನಾನು ನನ್ನ ಕಿಟಕಿ ಇಳಿಸಿದೆ, ಆ ಗಾಳಿ ರತ್ನಿಗೆ ಸಾಲಲಿಲ್ಲ. ಅಪ್ಪ ಕಾರು ನಿಲ್ಲಿಸಿ ಬಾಗಿಲು ತೆಗೆದ. ನಿಂತ ಕಾರಿನ ಪಕ್ಕದಲ್ಲೇ ಎರಡು ಲಾರಿ ಹಾದುಹೋದವು, ಅವೆಬ್ಬಿಸಿದ ದೂಳನ್ನೆಲ್ಲ ರತ್ನಿ ಒಂದೇ ಉಸಿರಿಗೆ ಎಳೆದುಕೊಂಡಳು. ಬಾಗಿಲು ಹಾಕಿದರೆ ಗಾಳಿಯಿಲ್ಲ, ತೆಗೆದರೆ ದೂಳು. ಅಪ್ಪ ಹುಚ್ಚನ ಹಾಗೆ ಆ ಗಾಜನ್ನು ಅಂಗೈಯಿಂದ ಕೆಳಗೆ ಒತ್ತಿದ, ಗುದ್ದಿದ, ಅತ್ತ. ಅದರಲ್ಲೇ ಹೊತ್ತು ಹೋಯಿತು. ದವಾಖಾನೆಯಲ್ಲಿ ಡಾಕ್ಟರು ತಡವಾಯಿತು ಎಂದರು. "ನಿಮ್ಮ ರಬ್ಬರ್ ನನ್ ಕೂಸಿನ್ ತಿಂತು," ಎಂದಳು ಅವ್ವ ಅಪ್ಪನಿಗೆ. ಅವಳು ಅಪ್ಪನೊಡನೆ ಆಡಿದ ಕೊನೆಯ ಮಾತು ಅದು.

ಮಣ್ಣು ಮಾಡಿಬಂದ ಮೂರನೆಯ ದಿನ ಅಪ್ಪ ಆ ಬಾಗಿಲು ಬಿಚ್ಚಿಕೊಂಡು ಕೂತಿದ್ದ. ರಬ್ಬರನ್ನು ಬೆರಳಲ್ಲಿ ಹಿಚುಕಿದ, ಬೆರಳು ಮೂಸಿ ನೋಡಿದ. ತಿರುಗಿ ಪಡಸಾಲೆಯ ಗೂಡಿನ ಕಡೆ ನೋಡಿದ, ಆಮೇಲೆ ನನ್ನನ್ನು. ಬಹಳ ಹೊತ್ತು ನೋಡಿದ. ಎದ್ದುಹೋಗಿ ಆ ಪುಕ್ಕವನ್ನು ಒಲೆಗೆ ಹಾಕಿದ. ಬಂದವರಿಗೆಲ್ಲ, "ಅಳತಿ ತಪ್ಪಿ ಬಿಗಿ ಕೂಡ್ಸಿದೆ, ತಪ್ಪು ನಂದೇ," ಎನ್ನುತ್ತಿದ್ದ. ಗಾಜನ್ನು ಒಳಗಿಳಿಸಿದವನು ಮತ್ತೆಂದೂ ಏರಿಸಲಿಲ್ಲ, ರಬ್ಬರನ್ನೂ ಮುಟ್ಟಲಿಲ್ಲ. ಅವ್ವ ಹೊತ್ತು ಹೊತ್ತಿಗೆ ಅವನ ತಾಟಿಗೆ ರೊಟ್ಟಿ ಹಾಕಿದಳು, ಪಲ್ಯ ಹಾಕಿದಳು, ಒಳಗೆ ಹೋದಳು. ಅಪ್ಪ ಸಾಯುವವರೆಗೂ ಹೀಗೇ. ಆ ಮನೆಯಲ್ಲಿ ಬೆಳೆದ ನಾನು ಅವನ ಕೈ ತಪ್ಪಿತೆಂದೇ ನಂಬಿದ್ದೆ. ಒಳಗೊಳಗೇ ಅವನ ಮೇಲೆ ಸಿಟ್ಟನ್ನೂ ಇಟ್ಟುಕೊಂಡಿದ್ದೆ, ಪಾಪಿ ನಾನು.

ಇಷ್ಟು ನೆನಪಾಗುವುದರೊಳಗೆ ಖಾಜಾಭಾಯಿ ಆ ಪಟ್ಟಿಯನ್ನು ನನ್ನ ಮುಂದೆ ಹಿಡಿದಿದ್ದ. ಉಳಿದ ಮೂರು ಕಿಟಕಿಯ ರಬ್ಬರು ಒಣಗಿ ಸೀಳಿತ್ತು. ಇದೊಂದು ದಪ್ಪಗೆ ಉಬ್ಬಿ ಅಂಟಂಟಾಗಿತ್ತು. "ಅಕ್ಕೋರ, ಇದಕ್ಕ ಯಾರೋ ಎಣ್ಣಿ ಹಚ್ಚ್ಯಾರ ನೋಡ್ರಿ. ಎಣ್ಣಿ ಕುಡುದ್ರ ರಬ್ಬರ್ ಉಬ್ತದ, ಗಾಜಿನ್ ಹಿಡುದ್ರ ಬಿಡಂಗಿಲ್ಲ. ಬಿಗಿ ಇದ್ರ ಮುಖಕ್ಕ ಹಚ್ಚೋ ಪೌಡರ್ ಉದರಸ್ಬೇಕ್ರಿ, ಎಣ್ಣಿ ಅಲ್ಲ." ಅವನು ಸಹಜವಾಗಿ ಹೇಳಿ ಹೊಸ ಪಟ್ಟಿ ಕತ್ತರಿಸಲು ಹೋದ.  ಹಳೆ ಟೈರಿನ ಮೇಲೆ ಕುಸಿದು ಕೂತೆ. ಎದುರಿನ ಚಹಾದಂಗಡಿಯ ನೆರಳಲ್ಲಿ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೆಮ್ಮುತ್ತಿದ್ದಳು. ಅಪ್ಪ ಆ ದಿನ ನನ್ನನ್ನು ಯಾಕೆ ಅಷ್ಟು ಹೊತ್ತು ನೋಡಿದ ಎಂಬುದು ನನಗೆ ತಿಳಿದುಹೋಗಿತ್ತು.

ಹೊಸ ರಬ್ಬರು ಹಾಕಿಸಿ, ಆ ಗಾಜನ್ನೂ ಏರಿಸಿಕೊಂಡು ಮಾನ್ವಿಯ ದಾರಿ ಹಿಡಿದ ಸ್ವಲ್ಪ ಹೊತ್ತಿಗೇ ಅವ್ವ ಚಡಪಡಿಸಿದಳು. "ಗಾಜ್ ಇಳಸು ಬೇ. ನಿಮ್ಮಪ್ಪನಂಗ ನೀನೂ ಬಿಗದು ಇಡಬ್ಯಾಡ," ಅಂದಳು. ಕಾರನ್ನು ಬದಿಗೆ ನಿಲ್ಲಿಸಿದೆ. ಸುಮ್ಮನಿದ್ದರೆ ಇರಬಹುದಿತ್ತು, ಅಪ್ಪನೇ ಮುಚ್ಚಿಟ್ಟು ಹೋದದ್ದು. ಆದರೆ ಅವನ ಹೆಸರು ಅವಳ ಬಾಯಲ್ಲಿ ಮತ್ತೆ ಹಾಗೆ ಬರುವುದನ್ನು ಕೇಳಲು ನನ್ನಿಂದಾಗಲಿಲ್ಲ. ಹೇಳಿದೆ. ಗೂಡು, ಪುಕ್ಕ, ಮೂರು ಸಲ, ಎಲ್ಲ. ಅವಳು ಬೈದರೆ, ಹೊಡೆದರೆ ಬದುಕಿದೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ: "ನಿಮ್ಮಪ್ಪಗ ಗೊತ್ತಿತ್ತೇನು?"

"ಗೊತ್ತಿತ್ತು ಯವ್ವಾ."

ಅವಳು ಮುಂದಕ್ಕೆ ಬಾಗಿ ನಾನು ಕೂತ ಸೀಟಿನ ಬೆನ್ನನ್ನು ತಡವಿದಳು. ಅಪ್ಪನ ಬೆನ್ನು ಉಜ್ಜಿ ಉಜ್ಜಿ ಸವೆದ ಸೀಟು ಅದು. ಮಾತಾಡಿದ್ದು ನನ್ನೊಡನಲ್ಲ, ಅವನೊಡನೆ. "ಹೇಳಬಾರದಿತ್ತೇನ್ರಿ. ಇಪ್ಪತ್ತಾರು ವರ್ಷ ತಾಟಿಗಿ ರೊಟ್ಟಿ ಹಾಕೀನಿ. ಉಣ್ರಿ ಅಂತ ಒಂದ್ ಮಾತ್ ಅಂದಿಲ್ಲ ನಾ."

ನಾನು ಕಾರು ಹೊರಡಿಸಿದೆ. ಲಾರಿಗಳು ದೂಳೆಬ್ಬಿಸುತ್ತ ಪಕ್ಕದಲ್ಲೇ ಹೋದವು, ಒಳಗೆ ಒಂದು ಕಣವೂ ಬರಲಿಲ್ಲ. ಹೊಸ ರಬ್ಬರು ಅಷ್ಟು ಚೆನ್ನಾಗಿ ಕೂತಿತ್ತು. ಗಾಜು ಇಳಿಸೆಂದು ಅವ್ವ ಮತ್ತೆ ಕೇಳಲಿಲ್ಲ. ಮಾನ್ವಿ ಮುಟ್ಟುವವರೆಗೂ ಮುಚ್ಚಿದ ಆ ಕಾರಿನಲ್ಲಿ ಅವಳ ಅಳುವೊಂದೇ ಕೇಳುತ್ತಿತ್ತು.