ಭೂದೇವಿ ಹರಸಲಿಲ್ಲ

ನಮ್ಮೂರು ವಾಮದಪದವಿನಲ್ಲಿ ಆಗೆಲ್ಲ ಮೇ ತಿಂಗಳೆಂದರೆ ಮಕ್ಕಳಿಗೆ ಕಾಗೆ ಓಡಿಸುವ ತಿಂಗಳು. ಅಂಗಳದ ಚಾಪೆಗಳ ಮೇಲೆ ಹಲಸಿನ ಹಪ್ಪಳ ಒಣಗುತ್ತಿತ್ತು. ಕದ್ದು ತಿಂದ ಹಪ್ಪಳದ ಹಿಟ್ಟಿನಿಂದ ಬಾಯಲ್ಲಿ ಕೊತ್ತಂಬರಿ, ಮೆಣಸಿನ ಘಾಟು. ಕೈಯಲ್ಲಿ ತೆಂಗಿನೆಣ್ಣೆಯ ಜಿಡ್ಡು. 1998ರ ಆ ರಜೆಯಲ್ಲಿ ನನಗೆ ಹತ್ತು ವರ್ಷ, ದೊಡ್ಡಪ್ಪನ ಮಗಳು ಶಶಿಯಕ್ಕನಿಗೆ ಹದಿಮೂರು. ಬುದ್ಧ ಪೂರ್ಣಿಮೆಯ ದಿನ ಪೋಖ್ರಾನ್‌ನಲ್ಲಿ ಅಣುಬಾಂಬಿನ ಪರೀಕ್ಷೆ ನಡೆಯಿತೆಂದು ಟಿ.ವಿ. ಹೇಳಿತು. ಒಂದು ದಿನ ಬಿಟ್ಟು ಮತ್ತೆ ನಡೆಯಿತು. ಪೇಟೆಯಲ್ಲಿ ಪಟಾಕಿ ಹೊಡೆದರು, ಹೋಟೆಲಿನವರು ಲಾಡು ಹಂಚಿದರು.

ದೊಡ್ಡಪ್ಪನಿಗೆ ಪೇಟೆಯಲ್ಲಿ ಜಿನಸಿನ ಅಂಗಡಿ. ಆದರೆ ಜನ ಅವರನ್ನು ಗುರುತಿಸುತ್ತಿದ್ದದ್ದು ತಾಳಮದ್ದಳೆಯ ಅರ್ಥಧಾರಿ ಎಂದು. ವೇಷ ಕಟ್ಟದೆ, ಕುಣಿಯದೆ, ಎದುರುಬದುರು ಕುಳಿತು ಮಾತಿನಲ್ಲೇ ಯುದ್ಧ ಮಾಡುವ ಯಕ್ಷಗಾನ ಅದು. ಭಾಗವತರು ಪದ ಹಾಡುತ್ತಾರೆ. ಅದರ ಅರ್ಥವನ್ನು ಪಾತ್ರಧಾರಿ ಸ್ವಂತ ಮಾತಿನಲ್ಲಿ ಬೆಳೆಸಬೇಕು. ವಾರದ ಕೊನೆಗೆ ಭಜನಾ ಮಂದಿರದಲ್ಲಿ ವಿಜಯೋತ್ಸವ ಎಂದು ನಿಶ್ಚಯವಾದಾಗ ದೊಡ್ಡಪ್ಪ ‘ಪೋಖ್ರಾನ್ ವಿಜಯ’ ಎಂಬ ಪ್ರಸಂಗಕ್ಕೆ ಪದ ಕಟ್ಟಿದರು. ಮಕ್ಕಳೇ ಅರ್ಥ ಹೇಳಲಿ ಎಂದರು. ನಾನು ಭಾರತ ಮಹಾರಾಜ. ಅಕ್ಕ ಭೂದೇವಿ. ಕೊನೆಯಲ್ಲಿ ನನ್ನನ್ನು ಹರಸುವುದಷ್ಟೇ ಅವಳ ಕೆಲಸ.

ತಾಳಮದ್ದಳೆಯಲ್ಲಿ ಎದುರು ಪಾತ್ರಕ್ಕೂ ಬಾಯಿ ಇರುತ್ತದೆ. ಎಷ್ಟೋ ಸಲ ರಾವಣನಾಗಿ ಕುಳಿತು ರಾಮನನ್ನು ಮಾತಿನಲ್ಲಿ ಕಟ್ಟಿಹಾಕಿದ್ದ ದೊಡ್ಡಪ್ಪನೇ ಅದನ್ನು ಮರೆತಿದ್ದರು.

ಕಾಗೆ ಓಡಿಸುತ್ತ ಅಂಗಳದಲ್ಲೇ ಅಭ್ಯಾಸ. “ತಾಯೇ, ನನ್ನನ್ನು ಹರಸು” ಎಂದು ನಾನು ಎದೆಯುಬ್ಬಿಸಿದರೆ ಅಕ್ಕ ಹಪ್ಪಳ ಮಗುಚುತ್ತ, “ಯಾಕೆ ಹರಸ್ಬೇಕು ಮಾರಾಯ? ಬಾಂಬು ಇಟ್ಟದ್ದು ನನ್ನ ಹೊಟ್ಟೆಯೊಳಗಲ್ವಾ?” ಎನ್ನುತ್ತಿದ್ದಳು.

“ಹಾಗೆ ಹೇಳ್ಲಿಕ್ಕಿಲ್ಲ. ದೊಡ್ಡಪ್ಪ ಬೈತಾರೆ.”

“ಭೂದೇವಿಗೆ ಬೈತಾರಾ? ಬೈಲಿ, ನೋಡುವ.”

ಆ ಸಂಜೆ ಮಂದಿರ ತುಂಬಿತ್ತು. ಸೆಕೆ, ಮಲ್ಲಿಗೆ, ಬೆವರು. ಹಿಂದಿನ ಕೋಣೆಯಿಂದ ಸಜ್ಜಿಗೆಯ ಒಗ್ಗರಣೆ. ಶತ್ರುಗಳು ನಡುಗಿದರು, ಲೋಕ ಬೆರಗಾಯಿತು ಎಂದು ನಾನು ಬಾಯಿಪಾಠ ಒಪ್ಪಿಸಿದೆ. ಚಪ್ಪಾಳೆ ಬಿತ್ತು. ಭಾಗವತರು ಭೂದೇವಿಯ ಪದ ಹಾಡಿದರು. ಅಕ್ಕ ಹೆಗಲ ಶಾಲು ಸರಿಮಾಡಿಕೊಂಡಳು.

“ಮಹಾರಾಜ, ಒಂದು ಸಂದೇಹ. ಇಪ್ಪತ್ತನಾಲ್ಕು ವರ್ಷಗಳ ಹಿಂದೆ ಇದೇ ಮರಳಿನಲ್ಲಿ ಒಮ್ಮೆ ಸಿಡಿಸಿದಾಗ ಇದು ಶಾಂತಿಗಾಗಿ ಎಂದಿದ್ದೆ. ಇಂದು ಅಸ್ತ್ರವೆನ್ನುತ್ತೀಯೆ. ಸುಳ್ಳು ಅಂದಿನದ್ದೋ, ಇಂದಿನದ್ದೋ?”

“ಎರಡೂ ನಿಜ” ಎಂದೆ. ಜನ ನಕ್ಕರು.

“ಹಾಗಾದರೆ ಇನ್ನೊಂದು. ಸಿಡಿಸುವ ಮೊದಲು ಹತ್ತಿರದ ಹಳ್ಳಿಯವರನ್ನು ಮನೆಯಿಂದ ಹೊರಗೆ ನಿಲ್ಲಿಸಿದರಂತೆ. ಬಿಸಿಲಲ್ಲಿ ನಿಂತ ಆ ಮುದುಕಿಯರಿಗೆ ಯಾಕೆಂದು ಹೇಳಿದೆಯಾ? ಅವರ ಗೋಡೆಗಳು ಬಿರುಕು ಬಿಟ್ಟದ್ದು ಬಲ್ಲೆಯಾ? ಅವರೂ ನನ್ನ ಮಕ್ಕಳೇ. ಅವರನ್ನು ಕೇಳದೆ ಸಿಡಿಸಿದ ನಿನ್ನನ್ನು ನಾನು ಹರಸಲಾರೆ.”

ಅಂಗಡಿಗೆ ಬರುವ ಪತ್ರಿಕೆಯನ್ನು ಅವಳು ಕೊನೆಯ ಪುಟದವರೆಗೂ ಓದುತ್ತಿದ್ದಳು. ನಾನು ಆಟದ ಪುಟ ಮಾತ್ರ. ನಾನು ದೊಡ್ಡಪ್ಪನ ಕಡೆ ತಿರುಗಿದೆ.

“ಆ ಹುಡುಗಿಯನ್ನು ಎಬ್ಬಿಸಿ ಮಾರಾಯ್ರೆ!” ಎಂದು ಹಿಂದಿನಿಂದ ಯಾರೋ ಕೂಗಿದರು. ದೊಡ್ಡಪ್ಪನ ಮುಖ ಕೆಂಪಾಗಿತ್ತು. ಮಂಗಳದ ಪದ ಎತ್ತಿ ಎಂದು ಭಾಗವತರಿಗೆ ಕೈಸನ್ನೆ ಮಾಡಿದರು. ಭಾಗವತರು ಪದ ಎತ್ತಿದರೆ ಅರ್ಥಧಾರಿಯ ಮಾತು ಅಲ್ಲಿಗೇ ನಿಲ್ಲಬೇಕು. ಆದರೆ ಭಾಗವತ ನಾರಾಯಣಜ್ಜ ಜಾಗಟೆಯನ್ನು ತೊಡೆಯ ಮೇಲೆ ಮಗುಚಿ ಇಟ್ಟರು.

“ಪ್ರಶ್ನೆ ಬಂದಿದೆ ಶೆಟ್ರೆ. ಉತ್ತರ ಬಾರದೆ ನಾನು ಪದ ಎತ್ತುವುದಿಲ್ಲ.”

“ಅಜ್ಜ, ಇದು ದೇಶದ ಕಾರ್ಯಕ್ರಮ.”

“ಹಾಗಾದ್ರೆ ಭಾಷಣ ಇಡ್ಬೇಕಿತ್ತು. ನನ್ನನ್ನು ಯಾಕೆ ಕರೆದದ್ದು? ಹುಡುಗನಿಗೆ ಆಗದಿದ್ರೆ ನೀವೇ ಕೂತ್ಕೊಳ್ಳಿ.”

ದೊಡ್ಡಪ್ಪ ನನ್ನನ್ನು ಎಬ್ಬಿಸಿ ನನ್ನ ಜಾಗದಲ್ಲಿ ಕುಳಿತರು. ರಾಜಧರ್ಮ, ಗಡಿಯ ಭಯ, ಬಲವಿಲ್ಲದವನ ಶಾಂತಿಗೆ ಬೆಲೆಯಿಲ್ಲ ಎನ್ನುವುದು, ಎಲ್ಲವನ್ನೂ ತಂದರು. ಚೆನ್ನಾಗಿಯೇ ಹೇಳಿದರು. ಅಕ್ಕ ಪ್ರತಿ ಸಲವೂ ತಲೆಯಾಡಿಸಿ, “ಒಪ್ಪಿದೆ. ಆ ಹಳ್ಳಿಯವರನ್ನು ಕೇಳಿದೆಯಾ?” ಎಂದಳು. ಹೆತ್ತ ಅಪ್ಪನಿಗೆ ಏಕವಚನ! ಪಾತ್ರಕ್ಕೆ ಆ ಹಕ್ಕಿತ್ತು. ಕಡೆಗೆ ದೊಡ್ಡಪ್ಪ ಸಣ್ಣ ಸ್ವರದಲ್ಲಿ, “ಕೇಳಲಿಲ್ಲ ತಾಯೇ” ಎಂದರು. ನಾರಾಯಣಜ್ಜ ಭೂದೇವಿಯ ಹರಕೆಯಿಲ್ಲದೆಯೇ ಮಂಗಳ ಹಾಡಿದರು.

ಸಜ್ಜಿಗೆ-ಅವಲಕ್ಕಿ ತಿನ್ನುವಾಗ ದೊಡ್ಡಪ್ಪ ಅವಳ ಪಕ್ಕದಲ್ಲೇ ಕುಳಿತರು.

“ಅರ್ಥ ಲಾಯ್ಕಾಯ್ತು. ಅಭಿಪ್ರಾಯ ತಪ್ಪು.”

“ನಿಮ್ಮದೂ ಹಾಗೇ ಅಪ್ಪ.”

ಎಬ್ಬಿಸಿ ಎಂದು ಕೂಗಿದವರೇ ಬಂದು ಅವಳ ಎಲೆಗೆ ಇನ್ನೊಂದು ಹಿಡಿ ಹಾಕಿ, “ತಿನ್ನು ಭೂದೇವಿ, ಬೊಬ್ಬೆ ಹೊಡೆದು ಹಸಿವಾಗಿರ್ಬಹುದು” ಎಂದರು.

ನಾನು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು. ಇತರರ ನೆನಪನ್ನು ನಂಬುವುದಿಲ್ಲ, ನನ್ನದನ್ನು ಇನ್ನೂ ಕಡಿಮೆ. ‘ಪಾಕಿಸ್ತಾನದವರೂ ಸಿಡಿಸಿದರಲ್ಲ’ ಎಂದು ಸಭೆಯಲ್ಲಿ ಒಬ್ಬರು ಎದ್ದು ಕೇಳಿದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಆದರೆ ಅವರು ಸಿಡಿಸಿದ್ದು ಆ ತಿಂಗಳ ಕೊನೆಗೆ, ನಮ್ಮ ಕಾರ್ಯಕ್ರಮ ಮುಗಿದ ಮೇಲೆ. ಬೇರೆ ದಿನದ ಮಾತು ಬಂದು ಇಲ್ಲಿ ಅಂಟಿಕೊಂಡಿದೆ. ಬಿರುಕಿನ ಸುದ್ದಿ ಅಷ್ಟು ಬೇಗ ಪತ್ರಿಕೆಯಲ್ಲಿ ಬಂದಿತ್ತೇ? ಗೊತ್ತಿಲ್ಲ.

ಈ ವರ್ಷ ಮಂದಿರದ ಸ್ಮರಣ ಸಂಚಿಕೆಗೆ ಇದನ್ನೆಲ್ಲ, ಈ ಅನುಮಾನಗಳ ಸಮೇತ ಬರೆದುಕೊಟ್ಟೆ. ಸಂಪಾದಕರು ಫೋನ್ ಮಾಡಿದರು. “ಲಾಯ್ಕುಂಟು ಸರ್. ಕೊನೆಗೆ ಭೂದೇವಿ ಹರಸಿದಳು ಅಂತ ಒಂದು ಸಾಲು ಹಾಕುವ. ಹಿರಿಯರೆಲ್ಲ ಹೇಳುವುದು ಹಾಗೆಯೇ. ನಿಮಗೇ ಸರಿ ನೆನಪಿಲ್ಲ ಅಂತ ಬರೆದಿದ್ದೀರಲ್ಲ?”

ಮಾತು ಚುಚ್ಚಿತು. ಬೆಳ್ತಂಗಡಿಯಲ್ಲಿ ವಕೀಲೆಯಾಗಿರುವ ಅಕ್ಕನನ್ನೇ ಕೇಳಿದೆ.

“ಮುದುಕಿಯರ ಮಾತು ಹೇಳಿದ್ದೇನಾ? ನೆನಪಿಲ್ಲ ಮಾರಾಯ” ಎಂದಳು. “ಆದ್ರೆ ಹರಸ್ಲಿಲ್ಲ. ಅದು ಗೊತ್ತುಂಟು. ಅಪ್ಪ ಸಾಯುವವರೆಗೆ ಅದಕ್ಕೇ ನನ್ನತ್ರ ಜಗಳ ಮಾಡ್ತಿದ್ರು.”

ಆ ಸಾಲು ಹಾಕುವುದಿಲ್ಲ ಎಂದು ಸಂಪಾದಕರಿಗೆ ಹೇಳಿದೆ. ಹಾಗಾದರೆ ಲೇಖನ ಬೇಡ ಎಂದರು. ಬೇಡವಾದರೆ ಬೇಡ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ವಿಜಯೋತ್ಸವಕ್ಕೆಂದೇ ಸೇರಿದ್ದ ಊರು ಅಂದು ಹದಿಮೂರರ ಹುಡುಗಿಯೊಬ್ಬಳ ‘ಇಲ್ಲ’ವನ್ನು ಕುಳಿತು ಕೇಳಿತ್ತು, ಅವಳ ಜತೆ ತಿಂದು ಮನೆಗೆ ಹೋಗಿತ್ತು. ಇಂದು ಅದೇ ಊರಿಗೆ ಆ ‘ಇಲ್ಲ’ ಅಚ್ಚಿನಲ್ಲೂ ಇರಬಾರದು. ನನ್ನ ನೆನಪಿನಲ್ಲಿ ಬೇಕಾದಷ್ಟು ತಪ್ಪುಗಳಿರಬಹುದು. ತೋರಿಸಿ, ತಿದ್ದಿಕೊಳ್ಳುತ್ತೇನೆ. ಇದೊಂದನ್ನು ತಿದ್ದುವುದಿಲ್ಲ.