ಖಾದರ್ ಮಾಸ್ತರರ ‘ಹಾರ್ಡ್’

ಖಾದರ್ ಮಾಸ್ತರರ ಶೇರವಾನಿಯ ಜೇಬು ಸದಾ ಜೋತು ಬಿದ್ದಿರುತ್ತಿತ್ತು. ಅದು ಸುಣ್ಣದ ಕಡ್ಡಿಯ ಭಾರಕ್ಕಲ್ಲ, ಅಂದಿನ ಇಂಗ್ಲಿಷ್ ಶಬ್ದದ ಭಾರಕ್ಕೆ. ಯಾವ ಶಬ್ದ ಕಲಿಸುತ್ತಾರೋ ಅದನ್ನು ಅವರು ಜೇಬಿನಲ್ಲೇ ಹೊತ್ತು ತರುತ್ತಿದ್ದರು. ‘ಹಾರ್ಡ್’ ಕಲಿಸಿದ ದಿನ ಮೇಜಿನ ಮೇಲೆ ಗುಡ್ಡದ ಒಂದು ಕಲ್ಲು, ಒಂದು ಇಡೀ ಅಡಿಕೆ ಮತ್ತು ಒಣಗಿ ಸೆಟೆದುಕೊಂಡ ಜೋಳದ ರೊಟ್ಟಿಯ ತುಂಡು ಇಟ್ಟರು. ಮೂರನ್ನೂ ಕಡಿದು ನೋಡಲು ಹೇಳಿದರು. ಒಬ್ಬ ಹುಡುಗ ಕಲ್ಲನ್ನೂ ಕಡಿದ.

ಹೈದರಾಬಾದ್ ಸಂಸ್ಥಾನದ ಕಾಲ; ಸುರಪುರದ ಆ ಸರ್ಕಾರಿ ಶಾಲೆಯಲ್ಲಿ ಆಗ ಪಾಠವೆಲ್ಲ ಉರ್ದುವಿನಲ್ಲಿ. ರಂಗಂಪೇಟೆಯ ನೇಕಾರನ ಮಗಳಾದ ನನಗೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು, ಅದರ ಮೇಲೆ ಇಂಗ್ಲಿಷು ಬೇರೆ. ತರಗತಿಯಲ್ಲಿ ಹುಡುಗಿ ನಾನೊಬ್ಬಳೇ. ಪುಸ್ತಕದಲ್ಲಿ ‘ಹಾರ್ಡ್’ ಎದುರಿಗೆ ‘ಸಖ್ತ್’, ಅಂದರೆ ಗಟ್ಟಿ, ಎಂದಷ್ಟೇ ಇತ್ತು. ಮಾಸ್ತರರಿಗೆ ಅದು ಎಲ್ಲಿ ಸಾಕು?

“ಸಖ್ತ್ ಅಂದ ಕೂಡ್ಲೇ ಮುಗೀತೇನ್ರೋ? ಇದು ಭಾಳ ಮನಿ ತಿರಗೋ ಶಬ್ದ ಅದ. ಯಾರ್ಯಾರ ಮನಿಗಿ ಹೋಗ್ತದ ನೋಡೂಣು, ಬರ್ರಿ” ಎಂದು ನಮ್ಮನ್ನೆಲ್ಲ ಅಂಗಳಕ್ಕೆ ಎಬ್ಬಿಸಿಕೊಂಡು ಹೋದರು. ಅಲ್ಲಿ ಎರಡು ಒಲೆ, ಎರಡು ಗಡಿಗೆ, ಎರಡರಲ್ಲೂ ತೊಗರಿಬೇಳೆ. ಒಂದಕ್ಕೆ ಕೆರೆಯ ನೀರು, ಇನ್ನೊಂದಕ್ಕೆ ಶಾಲೆಯ ಬಾವಿಯ ಸವುಳು ನೀರು. ಕೆರೆಯ ನೀರಿನ ಬೇಳೆ ಬೆಂದು ಬೆಣ್ಣೆಯಾಯಿತು. ಬಾವಿಯದು ಎಷ್ಟು ಕುದಿಸಿದರೂ ಕಟಕಟ ಅನ್ನುತ್ತಿತ್ತು.

“ಈ ನೀರೂ ಹಾರ್ಡೇ” ಎಂದರು ಮಾಸ್ತರರು.

“ನೀರು ಗಟ್ಟಿ ಹ್ಯಾಂಗ ಆಗ್ತದ್ರೀ ಮಾಸ್ತರ?” ಎಂದು ಕಲ್ಲು ಕಡಿದವನೇ ಕೇಳಿದ.

“ನನ್ನ ಯಾಕ ಕೇಳ್ತಿ? ಬ್ಯಾಳಿನ ಕೇಳು.”

ನಾವು ಬೆಂದದ್ದನ್ನೂ ಬೇಯದ್ದನ್ನೂ ಬಿಡದೆ ತಿಂದು ಮುಗಿಸಿದೆವು. ಮರುದಿನ ಇದೇ ಶಬ್ದ ಮನುಷ್ಯರಿಗೂ ಸಲ್ಲುತ್ತದೆ ಎಂದು ತೋರಿಸಲು ಮಾಸ್ತರರು ನಿರ್ದಯ ಮಾಸ್ತರರ ವೇಷ ಹಾಕಿದರು. ಹುಬ್ಬು ಗಂಟಿಕ್ಕಿ, ಮೀಸೆ ತಿರುವಿ, ಬೆತ್ತ ಎತ್ತಿ ಮೇಜಿಗೆ ಹೊಡೆದರು. ರೂಮಿ ಟೋಪಿ ಜಾರಿ ಮೂಗಿನ ಮೇಲೆ ಬಿತ್ತು. ಹುಡುಗರು ಬಿದ್ದು ಬಿದ್ದು ನಕ್ಕರು. ಮಾಸ್ತರರೂ ನಕ್ಕು, “ಇದು ನನ್ನ ಕೈಲಿ ಆಗಂಗಿಲ್ಲ, ಬ್ಯಾರೆ ಕಡಿ ನೋಡಿಕೋರಿ” ಎಂದು ಬೆತ್ತ ಕೆಳಗಿಟ್ಟರು. ಕಷ್ಟಕಾಲಕ್ಕೂ ಇದೇ ಶಬ್ದ ಎಂದಾಗ, ಅದನ್ನು ಎಲ್ಲಿಂದ ತರಬೇಕು ಎಂದು ನಾನು ಕೇಳಿದೆ. “ಅದನ್ನ ತರೋದು ಬ್ಯಾಡವ್ವಾ, ತಾನ ಬರ್ತದ” ಎಂದರು.

ನಮ್ಮ ಮನೆಗೆ ಅದು ಅಕ್ಕನ ಮದುವೆಯ ಬೆನ್ನಿಗೆ ಬಂತು. ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಲಾಳಿಯೊಳಗೆ ಕೂರಿಸುವ ಕಂಡಿಕೆಗಳಿಗೆ ರಾಟೆಯಲ್ಲಿ ನೂಲು ಸುತ್ತುತ್ತಿದ್ದವಳು ಅಕ್ಕ. ಅವಳು ಶಹಾಪುರಕ್ಕೆ ಗಂಡನ ಮನೆಗೆ ಹೋದಳು. ಅವ್ವನಿಗೆ ಒಲೆ, ನೀರು, ನೂಲಿಗೆ ಗಂಜಿ ಹಾಕುವ ಕೆಲಸವೇ ಮುಗಿಯುತ್ತಿರಲಿಲ್ಲ. ನಮ್ಮಲ್ಲಿ ಗಂಡಸರು ರಾಟೆ ಮುಟ್ಟುತ್ತಿರಲಿಲ್ಲ. ಅದು ಹೆಂಗಸರ, ಮಕ್ಕಳ ಕೆಲಸ. ಅಪ್ಪ ನನ್ನ ಪಾಟಿಚೀಲವನ್ನು ಗೂಟಕ್ಕೆ ತೂಗುಹಾಕಿ ನನ್ನನ್ನು ರಾಟೆಯ ಮುಂದೆ ಕೂರಿಸಿದ. ನಾನು ಅಳುತ್ತಾ ಸುತ್ತಿದೆ.

ಒಂದು ಸಂಜೆ ಮಾಸ್ತರರು ಮನೆಗೇ ಬಂದರು. ಅಪ್ಪ ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಯಿಂದ ಮೇಲೇಳಲಿಲ್ಲ. ಯಾರು ಬಂದರೂ ಏಳುವ ಜಾಯಮಾನ ಅವನದಲ್ಲ.

“ಶಂಕ್ರಪ್ಪ, ಹುಡುಗಿ ಸಾಲಿಗಿ ಬರವಲ್ದು. ಆರಾಮಿಲ್ಲೇನು?”

“ಆರಾಮ ಅದಾಳ್ರಿ. ದೊಡ್ಡಾಕಿ ಗಂಡನ ಮನಿಗಿ ಹೋದ್ಲು. ಕಂಡಿಕಿ ಸುತ್ತೋರು ಯಾರ್ರಿ? ಲಾಳಿ ಖಾಲಿ ಓಡಿಸಲೇನು?”

“ಸುತ್ತೋರು ಸಿಕ್ಕರ ಕಳಸ್ತಿ?”

“ಸಿಕ್ಕರ ಕಳಸ್ತೀನ್ರಿ. ಪುಕ್ಕಟ ಯಾರ್ ಸುತ್ತತಾರ?”

ಮಾಸ್ತರರು ಟೋಪಿ ತೆಗೆದು ನನ್ನ ಕೈಗೆ ಕೊಟ್ಟು, ಶೇರವಾನಿಯ ತೋಳು ಮಡಚಿ ರಾಟೆಯ ಮುಂದೆ ಕೂತುಬಿಟ್ಟರು. ಎರಡು ಸುತ್ತಿಗೇ ನೂಲು ಹರಿಯಿತು. ಗಂಟು ಹಾಕಿ ಮತ್ತೆ ತಿರುವಿದರು. ಕಂಡಿಕೆ ಬಸುರಿಯಂತೆ ನಡುವಿನಲ್ಲಿ ಉಬ್ಬಿಕೊಂಡಿತು. ಆಗ ನೋಡಿ, ಅಪ್ಪ ಕುಣಿಯಿಂದ ದಡಬಡಿಸಿ ಮೇಲೆ ಬಂದ.

“ಅಯ್ಯಯ್ಯ, ಏಳ್ರಿ ಮಾಸ್ತರ! ನೂಲೆಲ್ಲಾ ಹಾಳಾಗಾಕತ್ತದ. ಬಿಗಿಯಾಗಿ ಸುತ್ತಬೇಕ್ರಿ. ಮೆತ್ತಗಾದ್ರ ಲಾಳ್ಯಾಗ ಕುಸೀತದ.”

“ಹಂಗಾದ್ರ ಕಲಸು. ನಾ ಏಳಂಗಿಲ್ಲ.”

ನಿಜವಾಗಿಯೂ ಏಳಲಿಲ್ಲ. ಅಂದಿನಿಂದ ಬೆಳಗ್ಗೆ ನಾನು ಶಾಲೆಗೆ, ಸಂಜೆ ಮಾಸ್ತರರು ನಮ್ಮ ಮನೆಗೆ. ಲಾಳಿ ಕಂಡಿಕೆಗಾಗಿ ಕಾದ ದಿನವೇ ಶಾಲೆ ಬಂದ್ ಎಂದು ಅಪ್ಪ ಖಡಕ್ಕಾಗಿ ಹೇಳಿದ್ದ. ಅವರು ಸುತ್ತುತ್ತಾ ಪಾಠ ಹೇಳುವರು, ನಾನು ಪಾಠ ಒಪ್ಪಿಸುತ್ತಾ ಸುತ್ತುವೆ. ಮಾಸ್ತರ ರಾಟೆ ತಿರುವಾಕತ್ತಾನ ಎಂದು ಇಡೀ ರಂಗಂಪೇಟೆ ಬಂದು ನೋಡಿ ನಕ್ಕುಹೋಯಿತು. ಅವರಿಗೆ ಅದರ ಪರಿವೆಯೇ ಇರಲಿಲ್ಲ. ಮಗ್ಗದ ಕುಣಿಯಲ್ಲಿ ಕೂತ ಅಪ್ಪನ ಕಿವಿಗೂ ಇಂಗ್ಲಿಷು ಬೀಳುತ್ತಿತ್ತು. ಒಮ್ಮೆ ಅವ್ವ ಬಡಿಸಿದ ರೊಟ್ಟಿ ಮುರಿಯುತ್ತಾ, “ಹಾರ್ಡ್ ಆಗ್ಯಾದ” ಎಂದುಬಿಟ್ಟ. ಅವ್ವ ಅದು ಬೈಗುಳವೆಂದು ತಿಳಿದು ಎರಡು ದಿನ ಮಾತು ಬಿಟ್ಟಳು.

ಮಾಸ್ತರರು ಚಳಿಜ್ವರ ಬಂದು ಮಲಗಿದಾಗ ಮರುದಿನದಿಂದ ಶಾಲೆ ಬಂದ್ ಎಂದೇ ತಿಳಿದೆ. ಆ ಸಂಜೆ ಬುರ್ಖಾ ತೊಟ್ಟ ಅವರ ಹೆಂಡತಿ ಬೀಬಮ್ಮ ಬಂದರು. ಅವರ ತವರಿನಲ್ಲೂ ಮಗ್ಗವಂತೆ. ಮಾಸ್ತರರು ವಾರವೆಲ್ಲ ಸುತ್ತುವಷ್ಟನ್ನು ದೀಪ ಹಚ್ಚುವುದರೊಳಗೆ ಸುತ್ತಿ, “ಇವ್ರದು ಬಾಯಿ ಅಷ್ಟ ಓಡ್ತದವ್ವಾ, ಕೈ ಅಲ್ಲ” ಎಂದು ನಗುತ್ತಾ ಎದ್ದುಹೋದರು. ಇಂಥ ಗಂಡಹೆಂಡಿರನ್ನು ನಾನು ಆಮೇಲೆ ಎಲ್ಲೂ ಕಾಣಲಿಲ್ಲ.

ನಾನು ಪರೀಕ್ಷೆಗೆ ಕೂರಬೇಕಾದ ವರ್ಷವೇ ಮಾಸ್ತರರಿಗೆ ಹೈದರಾಬಾದಿನ ಆಚೆಗೆ ವರ್ಗವಾಯಿತು. ಹೊರಟ ದಿನ ಅಪ್ಪ ಮಗ್ಗ ನಿಲ್ಲಿಸಿ, ಅವರ ಟ್ರಂಕನ್ನು ತಲೆಯ ಮೇಲೆ ಹೊತ್ತು, ಯಾದಗಿರಿ ಸ್ಟೇಷನ್ನಿಗೆ ಹೋಗುವ ಮೋಟಾರಿನ ತನಕ ನಡೆದ. ನಾನು ಹಿಂದೆಯೇ ಅಳುತ್ತಾ ಹೋದೆ. ಮಾಸ್ತರರು ನನ್ನ ತಲೆಯ ಮೇಲೆ ಕೈಯಿಟ್ಟು ಅಪ್ಪನ ಕಡೆ ನೋಡಿದರು. ಹುಡುಗಿಯನ್ನು ಓದಿಸು ಎಂದು ಬೇಡಿಕೊಳ್ಳುತ್ತಾರೆಂದು ಕಾದೆ. ಅವರು “ಬರ್ತೀನಿ, ಶಂಕ್ರಪ್ಪ” ಎಂದಷ್ಟೇ ಹೇಳಿ ಹತ್ತಿ ಕೂತರು. ಮಾಸ್ತರರನ್ನು ನಾನು ಕಂಡದ್ದು ಅದೇ ಕೊನೆ.

ಇನ್ನು ನನ್ನ ಓದು ಮುಗಿಯಿತು ಎಂದುಕೊಂಡೇ ಮರುದಿನ ಬೆಳಗ್ಗೆ ಎದ್ದೆ. ಒಳಗಿನಿಂದ ರಾಟೆಯ ಸದ್ದು ಬರುತ್ತಿತ್ತು. ಅವ್ವನಿರಬೇಕು ಎಂದು ಇಣುಕಿದರೆ ಅವ್ವ ಒಲೆಯ ಮುಂದಿದ್ದಳು. ರಾಟೆಯ ಮುಂದೆ ಅಪ್ಪ ಕೂತಿದ್ದ. ಓಣಿಯ ಕಡೆಯ ಬಾಗಿಲನ್ನೂ ಮುಚ್ಚಿರಲಿಲ್ಲ.

“ಏನ್ ನಿಂತು ನೋಡಾಕತ್ತಿ?” ಎಂದು ಗದರಿದ. “ಸಾಲಿಗಿ ಹೊತ್ತಾತು, ನಡಿ.”